ದಾವೆ ಹೂಡಿದ ದೊಡ್ಡಪ್ಪ ಹುಟ್ಟಿದ್ದೆಲ್ಲಿ?

ನಮ್ಮ ದೊಡ್ಡಪ್ಪ ಈ ಲೋಕದಲ್ಲಿ ನಂಬಿದ್ದು ಒಂದನ್ನೇ, ತಾಲ್ಲೂಕು ಕಚೇರಿಯ ಮೊಹರನ್ನು. ಅದೂ ಶಾಯಿ ಒಣಗುವ ತನಕ ಮಾತ್ರ! ಮದುವೆಯ ಕರೆಯೋಲೆ ಬಂದರೆ, "ಇವ್ರು ನಿಜವಾಗ್ಲೂ ಮದ್ವೆ ಮಾಡ್ತಾರಾ?" ಎಂದು ಹಿಂದಿನ ದಿನವೇ ಹೋಗಿ ಚಪ್ಪರ ನೋಡಿಕೊಂಡು ಬರುತ್ತಿದ್ದರು. ಕಾಫಿ ಕೊಟ್ಟರೆ, "ಮೊದ್ಲು ನೀನು ಕುಡಿ" ಎಂದು ದೊಡ್ಡಮ್ಮನಿಗೇ ಹೇಳುವುದು. ಒಂದು ದಿನ ದೊಡ್ಡಮ್ಮ ಲೋಟ ಪೂರ್ತಿ ಕುಡಿದು, "ನಂಗೇನೂ ಆಗ್ಲಿಲ್ಲ, ತಗಳ್ರಿ" ಎಂದು ಖಾಲಿ ಲೋಟ ಕೊಟ್ಟರು!

ಎಪ್ಪತ್ತರ ದಶಕದಲ್ಲಿ ಸಂತೇಬೆನ್ನೂರಿನಲ್ಲಿ ನಾವೊಂದು ವಾಚನಾಲಯದ ಸಂಘ ಕಟ್ಟಿದೆವು. ನಿಯಮ ಬರೆದವರು ದೊಡ್ಡಪ್ಪನೇ. ಹೊರಗಿನವರು ಬಂದು ಪತ್ರಿಕೆ ಹೊತ್ತುಕೊಂಡು ಹೋದರೆ ಗತಿಯೇನು? ಹಾಗಾಗಿ, "ಸದಸ್ಯರಾಗಲಿ ಅಧ್ಯಕ್ಷರಾಗಲಿ ಈ ಊರಿನಲ್ಲೇ ಹುಟ್ಟಿರಬೇಕು" ಎಂದು ಬರೆದರು. ಎಲ್ಲರೂ ಕಣ್ಣುಮುಚ್ಚಿ ಸಹಿ ಹಾಕಿದರು.

ಚುನಾವಣೆಯಲ್ಲಿ ಅಡಿಕೆ ಮಂಡಿಯ ಸಾಹುಕಾರರೊಬ್ಬರು ದೊಡ್ಡಪ್ಪನನ್ನು ಸೋಲಿಸಿ ಅಧ್ಯಕ್ಷರಾದರು. ದೊಡ್ಡಪ್ಪ ಸುಮ್ಮನಿದ್ದಾರೆಯೇ? ಮೂರೇ ದಿನದಲ್ಲಿ ಪತ್ತೆ ಹಚ್ಚಿದರು: ಅಧ್ಯಕ್ಷರು ಹುಟ್ಟಿದ್ದು ಸಾಸ್ವೆಹಳ್ಳಿಯಲ್ಲಿ, ಅವರ ತಾಯಿಯ ತವರಿನಲ್ಲಿ! ಚನ್ನಗಿರಿ ಕೋರ್ಟಿನಲ್ಲಿ ದಾವೆ ಬಿತ್ತು. ಮೇಷ್ಟರಾಗಿದ್ದ ನನ್ನ ಕೈಯಲ್ಲೇ ಅರ್ಜಿ ಬರೆಸಿದರು. ಬರೆದದ್ದನ್ನು ಇನ್ನೊಬ್ಬ ಮೇಷ್ಟರಿಂದ ಓದಿಸಿ ತಾಳೆ ನೋಡಿದರು.

ಅಧ್ಯಕ್ಷರ ವಕೀಲರು ಮೆಲ್ಲಗೆ ಎದ್ದು ಕೇಳಿದರು: "ಯಜಮಾನ್ರೇ, ನೀವು ಹುಟ್ಟಿದ್ದೆಲ್ಲಿ?"

ದೊಡ್ಡಪ್ಪ ತಾವೇ ಬರೆದ ನಿಯಮದ ಹಾಳೆಯನ್ನು ಬಿಡಿಸಿ ಮತ್ತೆ ಓದಿದರು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ನಿಯಮ ಬರೆದ ಗಂಡಸರಿಗೆ ಹೊಳೆದಿರಲಿಲ್ಲ, ಅಷ್ಟೆ. ಲೆಕ್ಕ ಹಾಕಿದರೆ ಊರಿನ ಹಿರೇಮಕ್ಕಳೆಲ್ಲ ಪರವೂರಿನವರೇ! ನ್ಯಾಯಾಧೀಶರು ನಕ್ಕು, "ನೀವು ಸಂಘದ ಸದಸ್ಯರೋ ಅಲ್ಲವೋ ಅದನ್ನು ಮೊದಲು ತೋರಿಸಿ. ಅಲ್ಲವಾದರೆ ಈ ದಾವೆ ಹೂಡುವ ಹಕ್ಕೇ ನಿಮಗಿಲ್ಲ" ಎಂದು ಮುಂದಿನ ತಾರೀಖು ಕೊಟ್ಟರು.

ನಗೆ ಅಲ್ಲಿಗೇ ನಿಂತಿತು. ದೊಡ್ಡಪ್ಪ ಹುಟ್ಟಿದ ಎರಡೇ ದಿನಕ್ಕೆ ಅವರ ತಾಯಿ ತೀರಿಕೊಂಡಿದ್ದರು. ನಮ್ಮಪ್ಪ ಅಜ್ಜನ ಎರಡನೆಯ ಹೆಂಡತಿಯ ಮಗ. ತಾವು ಹುಟ್ಟಿದ್ದೆಲ್ಲಿ, ತಾಯಿ ತೀರಿಕೊಂಡದ್ದು ಹೇಗೆ ಎಂದು ದೊಡ್ಡಪ್ಪನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. "ಏನೋ ಮುಚ್ಚಿಟ್ಟಾರೆ" ಎಂಬ ಅನುಮಾನದಲ್ಲೇ ಅವರು ಐವತ್ತು ವರ್ಷ ತಾಯಿಯ ತವರಿಗೆ ಕಾಲಿಟ್ಟಿರಲಿಲ್ಲ. ಉಳಿದ ಅನುಮಾನಗಳೆಲ್ಲ ಅದರ ಮರಿಗಳೇ ಇರಬೇಕು ಎಂದು ನನಗೆ ಆಗ ಅನ್ನಿಸಿತು.

ನ್ಯಾಮತಿ ಹತ್ತಿರದ ಆ ಹಳ್ಳಿಗೆ ಇಬ್ಬರೂ ಹೋದೆವು. ದಾಖಲೆ ಏನೂ ಇರಲಿಲ್ಲ. ಇದ್ದದ್ದು ಅವತ್ತು ಹೆರಿಗೆ ಮಾಡಿಸಿದ ಸೂಲಗಿತ್ತಿ, ಹಣ್ಣುಹಣ್ಣು ಮುದುಕಿ.

"ಇದೇ ಮನಿಯಾಗೆ ಹುಟ್ದೆ ಕಣಪ್ಪ" ಎಂದಳು. "ನಂಜೇರಿ ನಿಮ್ಮವ್ವಂಗೆ ಮೈಯೆಲ್ಲ ಸುಡ್ತಿತ್ತು. ಆದ್ರೂ ನಿನ್ನ ಕೆಳಗ ಬಿಡ್ಲಿಲ್ಲ. ಕೂಸು ಅಪ್ಪನಂಗೈತೆ ಅಂತ ನಾವಂದ್ರೆ, 'ಕಿವಿ ನೋಡ್ರೇ, ನನ್ನವೇ' ಅಂತ ನಗಾಡ್ತಿದ್ಲು."

ದೊಡ್ಡಪ್ಪ ಸಾಕ್ಷಿ ಕೇಳಲಿಲ್ಲ. ಜಗಲಿಯ ಮೇಲೆ ಕೂತು ಚಿಕ್ಕ ಮಗುವಿನಂತೆ ಅತ್ತರು.

ಮುಂದಿನ ತಾರೀಖಿಗೆ ಕೋರ್ಟಿನಲ್ಲಿ ಕೈಮುಗಿದು, "ಸ್ವಾಮಿ, ನಾನು ನಮ್ಮವ್ವನ ಊರಾಗೆ ಹುಟ್ಟೀನಿ. ದಾವೆ ಹಾಕಾಕೆ ನಂಗೆ ಹಕ್ಕಿಲ್ಲ" ಎಂದರು.

"ದಾಖಲೆ ಇದೆಯೇ?" ಎಂದರು ನ್ಯಾಯಾಧೀಶರು.

"ಇಲ್ಲ ಸ್ವಾಮಿ. ಒಬ್ಬಾಕೆ ಮುದುಕಿ ಹೇಳಿದ್ಲು. ನಂಬಿದೆ."

ದಾವೆ ವಜಾ ಆಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಟಿಕೇಟನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಆಮೇಲೆ ನನ್ನ ಕಡೆ ವಾಲಿದರು.

"ನನ್ನ ಕಿವಿ ಹೆಂಗದಾವೋ?"

ನೋಡಿದೆ. ಅಗಲವಾಗಿ, ಸ್ವಲ್ಪ ಮುಂದಕ್ಕೆ ಬಾಗಿದ್ದವು.

"ಚಂದ ಅದಾವೆ ದೊಡ್ಡಪ್ಪ."

ನನ್ನ ಮಾತನ್ನು ಅವರು ಯಾರ ಹತ್ತಿರವೂ ತಾಳೆ ನೋಡಲಿಲ್ಲ.