ಮಾವನ ಐದನೆಯ ಉರುಳೆ

ನಾನು ಹುಟ್ಟು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಓದುವವರು ನನ್ನಿಂದ ಯಾವ ಸಾಹಸವನ್ನೂ ನಿರೀಕ್ಷಿಸುವುದಿಲ್ಲ. ಹಾಯುವ ಹಸುವಿಗೆ ಎಲ್ಲರೂ ಹೆದರುತ್ತಾರೆ, ನಾನು ಹಾಯದ ಹಸುವಿಗೂ ಹೆದರುತ್ತೇನೆ. ಅಜ್ಜಂಪುರದ ಶಾಲೆಯಲ್ಲಿ ಮೇಷ್ಟರಾಗಿ ಇಷ್ಟು ವರ್ಷವಾದರೂ ಇನ್ಸ್‌ಪೆಕ್ಟರರು ಬರುತ್ತಾರೆಂದರೆ ಹಿಂದಿನ ದಿನದಿಂದಲೇ ಅನ್ನ ಸೇರುವುದಿಲ್ಲ. ಆದರೆ ಇವೆಲ್ಲ ಚಿಲ್ಲರೆ ಹೆದರಿಕೆಗಳು. ನನ್ನ ಮುಖ್ಯ ಹೆದರಿಕೆ ಕಡೂರಿನಲ್ಲಿತ್ತು. ಅದು ನನ್ನ ಸೋದರಮಾವ.

ಮಾವ ದೊಡ್ಡ ಗಾಯಕರು. ಅವರು ಹಾಡಿದರೆ ಊರು ತಲೆದೂಗುತ್ತಿತ್ತು, ಬೈದರೆ ನಾನು ನಡುಗುತ್ತಿದ್ದೆ. ಅವರ ಬಳಿ ಸಂಗೀತ ಕಲಿಯಲೆಂದು ನಮ್ಮಮ್ಮ ನನ್ನನ್ನು ಆರು ವರ್ಷ ಆ ಮನೆಯಲ್ಲಿ ಬಿಟ್ಟಿದ್ದಳು. ಆರು ವರ್ಷದಲ್ಲಿ ನಾನು ಚೆನ್ನಾಗಿ ಕಲಿತದ್ದು ಒಂದೇ, ತಾಳ ತಪ್ಪಿದ ಕೂಡಲೇ ಎರಡು ಕೈಯನ್ನೂ ಪಂಚೆಯೊಳಗೆ ಅಡಗಿಸಿಕೊಳ್ಳುವುದು. ಕೈ ಕಾಣದಿದ್ದರೆ ತಪ್ಪು ಯಾರದೆಂದು ಗೊತ್ತಾಗುವುದಿಲ್ಲವೆಂದು ನನ್ನ ಎಣಿಕೆ. ಮಾವನಿಗೆ ಅದು ಯಾವಾಗಲೂ ಗೊತ್ತಾಗುತ್ತಿತ್ತು. ಅವರು ತೀರಿಕೊಂಡ ದಿನ ನಾನು ಎಲ್ಲರಂತೆ ಅತ್ತೆ. ಅಳುತ್ತಲೇ, ಸುಳ್ಳೇಕೆ ಹೇಳಲಿ, ಇನ್ನು ನನ್ನನ್ನು ಬೈಯುವವರಿಲ್ಲ ಎಂಬ ಒಂದು ಸಮಾಧಾನವೂ ಒಳಗೆಲ್ಲೋ ಇತ್ತು.

ಆ ಸಮಾಧಾನ ಹುಸಿ. ಮಾವನ ಬೈಗುಳ ಮನೆಯ ಅಟ್ಟದ ಮೇಲೆ, ಮರದ ಪೆಟ್ಟಿಗೆಯಲ್ಲಿ, ತೆಂಗಿನ ನಾರಿನ ನಡುವೆ ಭದ್ರವಾಗಿತ್ತು.

ಅದು ಆದದ್ದು ಹೀಗೆ. ನಾನು ಶಾಲೆಯ ಕೆಲಸಕ್ಕೆ ಸೇರುವ ಹಿಂದಿನ ವರ್ಷ, ತರೀಕೆರೆಯಲ್ಲಿದ್ದ ಅಮಲ್ದಾರರು ಒಂದು ಫೋನೋಗ್ರಾಫ್ ಯಂತ್ರ ತರಿಸಿದ್ದರು. ಅದರ ಕಹಳೆಗೆ ಬಾಯಿಟ್ಟು ಹಾಡಿದರೆ, ತಿರುಗುವ ಮೇಣದ ಉರುಳೆಯ ಮೇಲೆ ಮುಳ್ಳು ದನಿಯನ್ನು ಗೀರುತ್ತದೆ. ಆಮೇಲೆ ಅದೇ ಗೀರು ಹಾಡುತ್ತದೆ. ಒಂದು ಉರುಳೆಗೆ ಎರಡೇ ನಿಮಿಷ. ಅಮಲ್ದಾರರು ಸಂಗೀತಪ್ರಿಯರು. ಮಾವನನ್ನು ಬಂಗಲೆಗೆ ಕರೆಸಿಕೊಂಡು ಆರು ಉರುಳೆ ಹಾಡಿಸಿದರು. ತಾಳ ಹಾಕಲು ನಾನು ಹೋಗಿದ್ದೆ. ಕೆಮ್ಮಬಾರದು, ಅಲುಗಬಾರದು, ಮೂಗು ಎಳೆಯಬಾರದು ಎಂದು ಅಮಲ್ದಾರರು ಮೊದಲೇ ಹೇಳಿದ್ದರಿಂದ ನನಗೆ ಮೂರೂ ಒಟ್ಟಿಗೆ ಬರತೊಡಗಿದವು. ನಾಲ್ಕು ಉರುಳೆ ಹೇಗೋ ಕಳೆಯಿತು. ಐದನೆಯದರಲ್ಲಿ, ಮಾವ ಬೇಗಡೆ ರಾಗದಲ್ಲಿ ಎರಡು ಸಾಲು ಹಾಡುವಷ್ಟರಲ್ಲಿ, ನನ್ನ ತಾಳ ಜಾರಿತು.

ಮಾವ ಹಾಡು ನಿಲ್ಲಿಸಿದರು. ಯಂತ್ರ ನಿಲ್ಲಲಿಲ್ಲ. ಕಹಳೆ ಎದುರಿಗಿದೆ ಎಂಬುದನ್ನೇ ಮರೆತು ಅವರು ಉಳಿದ ಒಂದೂವರೆ ನಿಮಿಷವೂ ನನ್ನನ್ನು ಬೈದರು. ಇಡೀ ತಾಲ್ಲೂಕು ಅಮಲ್ದಾರರಿಗೆ ಹೆದರುತ್ತಿತ್ತು, ಅಮಲ್ದಾರರು ಮಾವನಿಗೆ ಹೆದರುತ್ತಿದ್ದರು. ಯಂತ್ರ ನಿಲ್ಲಿಸುವ ಧೈರ್ಯ ಅವರಿಗೂ ಬರಲಿಲ್ಲ. ಆ ಮೇಣವನ್ನು ಕೆರೆದು ಮತ್ತೆ ಹಾಡಬಹುದಿತ್ತಂತೆ. ಮಾವ ಒಪ್ಪಲಿಲ್ಲ. "ಇರ್ಲಿ ಬಿಡಿ ಸ್ವಾಮಿ, ಇವನ ಮಕ್ಕಳಿಗೆ ಕೇಳಿಸೋಣ" ಎಂದರು.

ಅಮಲ್ದಾರರು ವರ್ಗವಾಗಿ ಹೋಗುವಾಗ ಯಂತ್ರವನ್ನೂ ಉರುಳೆಗಳನ್ನೂ ಮಾವನಿಗೇ ಕೊಟ್ಟರು. ಪ್ರತಿ ಸಲ ಹಾಕಿದಾಗಲೂ ಮುಳ್ಳು ಒಂದಿಷ್ಟು ಮೇಣ ಕೆರೆಯುತ್ತದೆ, ಕೇಳಿದಷ್ಟೂ ದನಿ ಸವೆಯುತ್ತದೆ, ಹುಷಾರು ಎಂದು ಹೇಳಿ ಹೋದರು. ಮಾವ ಬದುಕಿರುವವರೆಗೆ ಯಾವ ಕಂಪನಿಯೂ ಆ ಹಾಡುಗಳನ್ನು ಕೇಳಲಿಲ್ಲ. ತೀರಿಕೊಂಡ ಎರಡನೆಯ ವರ್ಷ ಬೆಂಗಳೂರಿನ ಒಂದು ಗ್ರಾಮಫೋನ್ ಕಂಪನಿಯ ಏಜೆಂಟರಿಂದ ಕಾಗದ ಬಂತು. ಉರುಳೆಗಳನ್ನು ಕೇಳಿ ನೋಡುತ್ತೇವೆ, ಚೆನ್ನಾಗಿದ್ದರೆ ಪ್ಲೇಟು ಮಾಡಿ ಸಂಸ್ಥಾನದಲ್ಲೆಲ್ಲ ಹಂಚುತ್ತೇವೆ ಎಂದು. ಮಾವನ ಹೆಂಡತಿ, ನಮ್ಮತ್ತೆ, ನನಗೆ ಹೇಳಿಕಳಿಸಿದಳು. ಯಂತ್ರಕ್ಕೆ ಕೀಲಿ ಕೊಡಲು ಬರುತ್ತಿದ್ದವನು ನಾನೊಬ್ಬನೇ.

"ಬದುಕಿದ್ದಾಗ ಕಡೂರು ದಾಟಿ ಅವರ ಹೆಸರು ಹೋಗ್ಲಿಲ್ಲ. ಈಗ್ಲಾದ್ರೂ ಹೋಗ್ಲಿ ಕಣೋ ರಂಗ. ನೀನಿದ್ದು ನಡೆಸಿಕೊಡು" ಎಂದಳು. ಅತ್ತೆ ಯಾರಲ್ಲೂ ಏನನ್ನೂ ಕೇಳಿದವಳಲ್ಲ. ಹೂಂ ಅಂದೆ. ಹೂಂ ಅಂದ ಗಳಿಗೆಯಿಂದ ನನಗೆ ನಿದ್ದೆಯಿಲ್ಲ.

ಮೊದಲನೆಯದಾಗಿ, ಉರುಳೆಗಳ ಭಯ. ಬೇಸಗೆಯಲ್ಲಿ ಕಡೂರಿನ ಬಿಸಿಲಿಗೆ ಮೇಣ ಕರಗಿದರೆ? ಇಲಿ ತಿಂದರೆ? ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಅಡಿಗೆಮನೆಯ ನೆಲುವಿನಲ್ಲಿ, ಬೆಣ್ಣೆ ಗಡಿಗೆಯ ಪಕ್ಕ ತೂಗುಹಾಕಿದೆ. ಹಗ್ಗ ಕಿತ್ತು ಬಿದ್ದರೆ ಎಂಬ ಹೊಸ ಭಯ ಶುರುವಾದ್ದರಿಂದ ಅದರ ಕೆಳಗೆ ಎರಡು ಹಾಸಿಗೆ ಹಾಸಿದೆ. ಅತ್ತೆ ಅವನ್ನು ದಾಟಿಕೊಂಡೇ ಮೂರು ದಿನ ಅಡಿಗೆ ಮಾಡಿದಳು. ಎರಡನೆಯ ಭಯ ಇದಕ್ಕಿಂತ ದೊಡ್ಡದು. ಅಜ್ಜಂಪುರದ ಭಜನೆಯಲ್ಲಿ ತಾಳಕ್ಕೆ ನಾನೇ ಯಜಮಾನ. ವಿದ್ವಾಂಸರ ಶಿಷ್ಯನೆಂದು ಜನ ಎದ್ದು ಜಾಗ ಬಿಡುತ್ತಾರೆ. ತಾಳ ತಪ್ಪಿದ ಎಷ್ಟೋ ಜನರನ್ನು ಅದೇ ಗತ್ತಿನಲ್ಲಿ ಗದರಿದ್ದೇನೆ. ಐದನೆಯ ಉರುಳೆ ಏಜೆಂಟರ ಕಿವಿಗೆ ಬಿದ್ದರೆ ನನ್ನ ಗತಿಯೇನು?

ಹಾಗಾಗಿ ಸುಳ್ಳು ಹೇಳಲು ನಿಶ್ಚಯಿಸಿದೆ. ಏಜೆಂಟರು ಬಂದು ನಡುಮನೆಯಲ್ಲಿ ಕೂತಾಗ, ಐದನೆಯದಕ್ಕೆ ಬೂಷ್ಟು ಹಿಡಿದುಹೋಗಿದೆ ಎಂದೆ. ಅವರು "ಹೋಗ್ಲಿ, ಇರೋದು ಹಾಕಿ" ಎಂದರು. ಕೀಲಿ ಕೊಟ್ಟೆ. ಒಂದು, ಎರಡು, ಮೂರು, ನಾಲ್ಕು, ಆರು. ಹಾಡು ಬಂತು. ದೂರದ ತೋಟದಿಂದ ಬಂದಂತೆ ಸಣ್ಣಗೆ ಬಂತು, ಆದರೂ ಬಂತು. ಏಜೆಂಟರು ತಲೆದೂಗಿದರು. ನಾನು ಗೆದ್ದೆ ಎಂದುಕೊಳ್ಳುತ್ತಿರುವಾಗ, ಅಡಿಗೆಮನೆಯ ಬಾಗಿಲ ಹಿಂದಿನಿಂದ ಅತ್ತೆಯ ದನಿ ಕೇಳಿತು.

"ರಂಗ, ಇವರು ಯಾರೋ?"

"ಮಾವ, ಅತ್ತೆ."

"ಅವರಲ್ಲ ಕಣೋ. ಬೇರೆ ಯಾರೋ ಹಾಡ್ತಿದಾರೆ."

ಏಜೆಂಟರು ತಲೆದೂಗುವುದನ್ನು ನಿಲ್ಲಿಸಿದರು. ಕಟ್ಟಿಕೊಂಡ ಹೆಂಡತಿಯೇ ಗಂಡನ ದನಿಯಲ್ಲವೆಂದ ಮೇಲೆ ಯಾರು ನಂಬುತ್ತಾರೆ? ಅತ್ತೆಯ ತಪ್ಪೂ ಅಲ್ಲ. ಮಾವ ಕಚೇರಿ ಮಾಡಿದ್ದೆಲ್ಲ ಹೊರಗೆ. ಮನೆಯಲ್ಲಿ ಸಾಧನೆ ಮಾಡುವ ಹೊತ್ತಿಗೆ ಅವಳು ಬೀಸುವ ಕಲ್ಲಿನ ಮುಂದೆ. ಹಾಡು ಅವಳ ಪಾಲಿಗೆ ಗೋಡೆಯಾಚೆಯ ಸದ್ದು, ಅವಳು ಬಲ್ಲದ್ದು ಅವರ ಮಾತಿನ ದನಿ. ಏಜೆಂಟರು ಟೋಪಿಗೆ ಕೈಹಾಕುತ್ತ, "ನೋಡಿ ಮೇಷ್ಟ್ರೇ, ಬೇರೆಯವರ ಹಾಡನ್ನ ಇವರ ಹೆಸರಲ್ಲಿ ಮಾರಿದ್ರೆ ನಮ್ಮ ಕಂಪನಿ ಮುಳುಗಿಹೋಗುತ್ತೆ. ನಾನಿನ್ನು ಬರ್ತೀನಿ" ಎಂದು ಎದ್ದರು.

ಅವರು ಹೊಸಿಲು ದಾಟಿದರೆ ಮಾವನ ಹೆಸರು ಕಡೂರಿನಲ್ಲೇ ಉಳಿಯುತ್ತದೆ. ತಡೆದರೆ ನನ್ನ ಹೆಸರು ಅಜ್ಜಂಪುರದಲ್ಲಿ ಉಳಿಯುವುದಿಲ್ಲ. ಬಾಗಿಲ ಹಿಂದೆ ಅತ್ತೆ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ತಾನಾಡಿದ ಮಾತಿನಿಂದ ಏನಾಯಿತೆಂದು ಅವಳಿಗೂ ಹೊಳೆದಿತ್ತು. "ಐದನೆಯದಕ್ಕೆ ಬೂಷ್ಟು ಬಂದಿಲ್ಲ, ಕೂತ್ಕೊಳ್ಳಿ" ಎಂದೆ.

ಎರಡು ಸಾಲು ಬೇಗಡೆ. ಆಮೇಲೆ ಮಾವ ಬಂದರು.

"ಲೇ ರಂಗ, ತಾಳ ಹಾಕ್ತಿದೀಯೋ, ಸೊಳ್ಳೆ ಹೊಡೀತಿದೀಯೋ? ಮೂರು ಹೊತ್ತು ತಿಂದ ಮುದ್ದೆ ಎಲ್ಲಿಗೋ ಹೋಯ್ತು? ಆರು ವರ್ಷ ನನ್ನ ಮುಂದೆ ಕೂತ್ರೂ ಬರ್ಲಿಲ್ಲ. ನಿಮ್ಮತ್ತೆ ಹತ್ರ ಹೋಗಿ ಕೂತ್ಕೋ ಹೋಗು. ಅವಳು ರಾಗಿ ಬೀಸ್ತಾಳಲ್ಲ, ಒಂದು ದಿನ ಲಯ ತಪ್ಪಿಲ್ಲ ಕಣೋ. ನಾನು ಆ ಕಲ್ಲಿನ ಸದ್ದು ಹಿಡ್ಕೊಂಡೇ ಬೆಳಗಿನ ಸಾಧನೆ ಮಾಡೋದು..."

ಅಷ್ಟರಲ್ಲಿ ನನ್ನ ಎರಡೂ ಕೈ ಪಂಚೆಯೊಳಗೆ ಸೇರಿದ್ದವು. ಅತ್ತೆ, ಎಂದೂ ಹೊರಗಿನವರ ಮುಂದೆ ಬಾರದವಳು, ನಡುಮನೆಗೆ ಬಂದು ಕಹಳೆಯ ಎದುರಿಗೆ ಕೂತಿದ್ದಳು. "ಇವರೇ ಕಣ್ರೀ" ಎಂದಳು ಏಜೆಂಟರಿಗೆ. ನಲವತ್ತು ವರ್ಷದ ಸಂಸಾರದಲ್ಲಿ ಆ ರಾಗಿ ಬೀಸುವ ಮಾತನ್ನು ಮಾವ ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ. ನನಗೆ ಹೇಳಿದ್ದರು, ಬೈಯುವ ಭರದಲ್ಲಿ. ನಾನು ನನ್ನ ಮಾನದ ಚಿಂತೆಯಲ್ಲಿ ಅದನ್ನು ಅವಳಿಗೆ ಮುಟ್ಟಿಸಿರಲಿಲ್ಲ. ಅದನ್ನು ನೆನೆದರೆ ಈಗಲೂ ಮುಖ ತಗ್ಗುತ್ತದೆ.

ಏಜೆಂಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಲ್ಲಕ್ಕಿಂತ ಇದೇ ಚೆನ್ನಾಗಿ ಮಾರಾಟವಾಗುತ್ತದೆ, ಇದನ್ನೂ ಕೊಡಿ ಎಂದರು. ನನ್ನ ಜೀವ ಬಾಯಿಗೆ ಬಂತು. ಅತ್ತೆ ಒಪ್ಪಲಿಲ್ಲ. "ಹಾಡು ಊರಿಗೆ ತಗೊಂಡ್ಹೋಗಿ. ಬೈಗುಳ ಮನೇದು" ಎಂದಳು. ಅವರು ಉಳಿದ ಐದು ಉರುಳೆ ತೆಗೆದುಕೊಂಡು ಹೋದರು.

ಅಂದಿನಿಂದ ಪ್ರತಿ ಭಾನುವಾರ ನಾನು ಅಜ್ಜಂಪುರದಲ್ಲಿ ರೈಲು ಹತ್ತಿ, ಬೀರೂರು ದಾಟಿ, ಕಡೂರಿಗೆ ಹೋಗಿ ಬೈಸಿಕೊಂಡು ಬರುತ್ತೇನೆ. ಅಮಲ್ದಾರರು ಹೇಳಿದ್ದು ನಿಜ. ಮೊದಲು ಬೇಗಡೆ ಮಸುಕಾಯಿತು, ಆಮೇಲೆ ಸೊಳ್ಳೆ, ಆಮೇಲೆ ಮುದ್ದೆ. ಒಂದು ಕಾಲಕ್ಕೆ ಆ ದನಿ ಬಂದೀತೆಂದು ಹೆದರುತ್ತಿದ್ದವನು ಈಗ, ಮುಳ್ಳು ಇಳಿಸುವಾಗ, ಬಾರದೆ ಹೋದರೇನು ಗತಿ ಎಂದು ಬೆವರುತ್ತೇನೆ. ಹೋದ ಭಾನುವಾರ ರಾಗಿ ಬೀಸುವ ಮಾತಿನ ಜಾಗದಲ್ಲಿ ಬರೀ ಗರಗರ ಸದ್ದು ಬಂತು.

"ಏನಂದ್ರೋ ಅಲ್ಲಿ?" ಎಂದಳು ಅತ್ತೆ, ಗೊತ್ತಿದ್ದೂ.

ನಾನು ಮೆಲ್ಲಗೆ ಹೇಳಿದೆ. ಲೇ ರಂಗ, ಎಂದು ಶುರುಮಾಡಿ ಎಲ್ಲವನ್ನೂ ಹೇಳಿದೆ.

"ಅವರು ಇಷ್ಟು ಮೆತ್ತಗೆ ಬೈತಿರ್ಲಿಲ್ಲ ಕಣೋ. ಗಟ್ಟಿಯಾಗಿ ಬೈಕೋ" ಎಂದಳು.

ಗಂಟಲು ಬಿಚ್ಚಿ, ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕುವಷ್ಟು ಗಟ್ಟಿಯಾಗಿ, ನನ್ನನ್ನು ನಾನೇ ಬೈದುಕೊಂಡೆ. ಅತ್ತೆ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ನೋಡಿಕೊಂಡರೆ, ನನ್ನ ಎರಡು ಕೈಯೂ ಪಂಚೆಯೊಳಗಿದ್ದವು.