ಮ್ಯಾನೇಜರಿಗೆ ಮಾತ್ರ ನಾಲ್ಕು ಗಂಟೆ ತಡ

ಬುದ್ಧಿ ಇಲ್ಲದವರ ಜೊತೆ ಹೇಗೋ ಏಗಬಹುದು ಕಣ್ರೀ. ತಮಗೇ ಎಲ್ಲ ಬುದ್ಧಿ ಇದೆ ಅಂದುಕೊಂಡವರ ಕೈಕೆಳಗೆ ಕೆಲಸ ಮಾಡಿದರೆ ಮಾತ್ರ ದಿನಕ್ಕೊಂದು ಪ್ರಸಂಗ ಗ್ಯಾರಂಟಿ. ನಾನು ಅರಸೀಕೆರೆಯ ಒಂದು ಖಾಸಗಿ ಡೈರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ನಮ್ಮಲ್ಲೊಂದು ಸಾಫ್ಟ್‌ವೇರ್ ಇದೆ. ಹಳ್ಳಿಯ ಹಾಲಿನ ಕೇಂದ್ರದವರು ಒಂದು ಸಲ ಬಟನ್ ಒತ್ತಿದರೆ ಸಾಕು, 'ಹಾಲು ರೆಡಿ', 'ಟ್ಯಾಂಕರ್ ಹೊರಟಿದೆ' ಅನ್ನುವ ಸುದ್ದಿಯನ್ನು ಟ್ಯಾಂಕರ್ ಡ್ರೈವರಿಗೆ, ಡೈರಿಗೆ, ಮ್ಯಾನೇಜರಿಗೆ ಅದೇ ಹಂಚುತ್ತದೆ. ಪಾಪ, ಅದರ ತಲೆ ಸರಿಯಾಗೇ ಇದೆ.

೧. ಬರೆದು ಕೊಟ್ಟರು

ಬೆಳಗಿನ ಐದಕ್ಕೇ ಮೊಬೈಲು ಟಿಣ್ ಟಿಣ್ ಅನ್ನುತ್ತದೆ, ನಿದ್ದೆ ಹಾಳು ಅಂತ ಮ್ಯಾನೇಜರ ಗೋಳು.

"ಮೇಡಂ, ನನ್ನ ಮೆಸೇಜು ಮಾತ್ರ ನಾಲ್ಕು ಗಂಟೆ ತಡವಾಗಿ ಬರೋ ಹಾಗೆ ಮಾಡಿ. ಬೇರೆಯವರಿಗೆ ಆಗಿಂದಾಗ್ಗೆ ಹೋಗಲಿ."

"ಸಾರ್, ಮಲಗುವಾಗ ಮೊಬೈಲ್ ಸದ್ದು ನಿಲ್ಲಿಸಿದರೆ ಆಯ್ತಲ್ಲ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಇಷ್ಟು ದೊಡ್ಡ ಸಾಫ್ಟ್‌ವೇರ್ ಹಾಕಿಸಿರೋದು ನಾನು ಬಟನ್ ಒತ್ತೋಕೇನ್ರೀ?"

ಹಾಗಾದರೆ ಬರೆದು ಕೊಡಿ ಅಂದೆ. ಸಹಿ, ಸೀಲು ಸಮೇತ ಕೊಟ್ಟರು. ಕಾರಣ ಕೇಳಿದ ಜಾಗದಲ್ಲಿ "ಆಡಳಿತದ ಹಿತದೃಷ್ಟಿಯಿಂದ" ಅಂತಿತ್ತು.

೨. ಎಲ್ಲರಿಗೂ ಸಮಾನ

ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರಿಗೆ ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದೆ. "ಸಿಂಪಲ್ ಮೇಡಂ" ಅಂದ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಆ ಮಹಾಶಯ ಮ್ಯಾನೇಜರಿಗೆ ಹೋಗುವ ದಾರಿಯಲ್ಲಿ ತಡೆ ಇಡುವುದು ಬಿಟ್ಟು, ಎಲ್ಲ ಮೆಸೇಜೂ ಒಳಗೆ ಬರುವ ಬಾಗಿಲಲ್ಲೇ ಇಟ್ಟುಬಿಟ್ಟ! ಮರುದಿನ ಯಾರಿಗೂ ಸುದ್ದಿಯಿಲ್ಲ. ಡ್ರೈವರ್ ಮೆಸೇಜಿಗೆ ಕಾಯುತ್ತಾ ಕೂತ. ಎಂಟು ಗಂಟೆಗೆ ಹಗರೆಯ ಹಾಲಿನ ಕೇಂದ್ರದ ಹೆಂಗಸು ಫೋನ್ ಮಾಡಿದಳು.

"ಅಕ್ಕಾ, ಹಾಲು ಕ್ಯಾನಲ್ಲೇ ಐತೆ, ಬಿಸಿಲು ಏರ್ತಾ ಐತೆ. ನಿಮ್ ಟ್ಯಾಂಕರ್ ಬತ್ತದೋ, ಇಲ್ಲ ಹೆಪ್ಪು ಹಾಕ್ಬಿಡ್ಲೋ?"

ಎಂಜಿನಿಯರಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವನು ತಣ್ಣಗೆ, "ಎಲ್ಲರಿಗೂ ಸಮಾನವಾಗಿ ತಡ ಆಗಿದೆಯಲ್ಲ ಮೇಡಂ, ಯಾರಿಗೂ ಅನ್ಯಾಯ ಆಗಿಲ್ಲ" ಅಂದ. ಸಂಜೆಯೊಳಗೆ ಕೂತು ಮ್ಯಾನೇಜರಿಗೊಬ್ಬರಿಗೇ ಬೇರೆ ದಾರಿ ಮಾಡಿಸಿದೆ.

೩. ಮೆಮೊ

ಒಂದು ವಾರ ಮ್ಯಾನೇಜರು ಸೊಗಸಾಗಿ ನಿದ್ದೆ ಮಾಡಿದರು. ತಡ ಮಾಡಿಸಿದ್ದು ತಾವೇ ಅನ್ನುವುದನ್ನೂ ಮರೆತರು. ಒಂದು ದಿನ ಹತ್ತು ಗಂಟೆಗೆ ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದಾಗ ಮೊಬೈಲು ಟಿಣ್ ಅಂತು: "ಹಗರೆಯಿಂದ ಟ್ಯಾಂಕರ್ ಹೊರಟಿದೆ." ತಲೆ ಎತ್ತಿದರೆ ಅದೇ ಟ್ಯಾಂಕರ್ ಹಾಲು ಇಳಿಸಿ, ತೊಳೆಸಿಕೊಂಡು ಎದುರಿಗೇ ನಿಂತಿದೆ.

"ಹಗರೆಯಿಂದ ಈಗ ಹೊರಟಿದ್ದು ಆಗಲೇ ಇಲ್ಲಿದೆ ಅಂದ್ರೆ, ಇಳಿಸಿದ್ದು ಯಾರ ಹಾಲೋ?" ಅಂತ ಡ್ರೈವರ್ ಮೇಲೆ ಹಾರಾಡಿದರು. ಹೊರಡುವ ಮೊದಲೇ ತಲುಪಿದ್ದಕ್ಕೆ ಕಾರಣ ಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದು ಅಂತ ಮೆಮೊ ಕೊಟ್ಟರು.

ಅವರದೇ ಸಹಿಯ ಕಾಗದ ತೋರಿಸಿದೆ. "ಅದು ಬೆಳಗಿನ ಜಾವದ ಮೆಸೇಜಿಗೆ ಮೇಡಂ. ಇದು ಬಂದಿರೋದು ಹತ್ತು ಗಂಟೆಗೆ!" ಅಂದರು. ಇಂಥವರಿಗೆ ಏನು ಹೇಳುತ್ತೀರಿ?

ಡ್ರೈವರ್ ಹಾರನಹಳ್ಳಿಯವನು, ವಯಸ್ಸಾದ ಮನುಷ್ಯ. ಮೆಮೊ ಹಿಡಿದು ನನ್ನ ಹತ್ತಿರ ಬಂದ. "ತಡವಾಗಿ ಬಂದೋರ್ನ ಕೆಲಸದಿಂದ ತೆಗೆಯೋದು ಕಂಡಿದೀನಿ ಅಕ್ಕಾ. ಬೇಗ ಬಂದ್ರೂ ತೆಗೀತಾರಾ?" ಅಂದ. ಮ್ಯಾನೇಜರ ಸಹಿಯ ಕಾಗದದ ಪ್ರತಿ ಹಚ್ಚಿ ಡೈರೆಕ್ಟರಿಗೆ ದೂರು ಕಳಿಸಿದೆ.

೪. ವಿಚಾರಣೆ

ಬೇಲೂರಿಗೆ ಬಂದಿದ್ದ ಡೈರೆಕ್ಟರು ಒಂದು ದಿನ ಬೆಳಿಗ್ಗೆ ಏಳಕ್ಕೆ ಮ್ಯಾನೇಜರಿಗೆ, ಡ್ರೈವರಿಗೆ, ನನಗೆ ಮೂವರಿಗೂ ಮೆಸೇಜ್ ಹಾಕಿದರು: "ಒಂಬತ್ತಕ್ಕೆ ಹಳೇಬೀಡಿನ ನಮ್ಮ ಕೇಂದ್ರಕ್ಕೆ ಬನ್ನಿ. ವಿಚಾರಣೆ." ಹಾಕಿದ್ದು ಅದೇ ಸಾಫ್ಟ್‌ವೇರಿನಲ್ಲಿ! ಎಷ್ಟಾದರೂ ಮನಸ್ಸು ತಡೆಯದೆ ಮ್ಯಾನೇಜರಿಗೆ ಫೋನ್ ಮಾಡಿದೆ. "ಬೆಳಿಗ್ಗೆ ಬೆಳಿಗ್ಗೆ ತೊಂದರೆ ಕೊಡಬೇಡಿ ಅಂತ ಬರೆದೇ ಕೊಟ್ಟಿದ್ದೀನಲ್ರೀ!" ಅಂತ ಕಟ್ ಮಾಡಿದರು. ಮತ್ತೆ ಮಾಡಿದೆ, ಎತ್ತಲಿಲ್ಲ. ಸರಿ, ಡ್ರೈವರ್ ಟ್ಯಾಂಕರಿನಲ್ಲೇ ನನ್ನನ್ನೂ ಕೂರಿಸಿಕೊಂಡು ಹೊರಟ.

ಒಂಬತ್ತಕ್ಕೆ ನಾವಿಬ್ಬರೂ ಹಾಜರು. ಹತ್ತಾಯಿತು, ಹನ್ನೊಂದಾಯಿತು. ಡೈರೆಕ್ಟರು ಮೂರು ಸಲ ಕಾಫಿ ಕುಡಿದರು. ಹನ್ನೆರಡೂವರೆಗೆ ಮ್ಯಾನೇಜರು ಬೆವರು ಸುರಿಸುತ್ತಾ ಓಡಿಬಂದರು.

"ಸಾರ್, ನನಗೆ ಮೆಸೇಜ್ ಬಂದಿದ್ದೇ ಹನ್ನೊಂದಕ್ಕೆ!"

"ಇವರಿಬ್ಬರಿಗೂ ಏಳಕ್ಕೇ ಬಂದಿದೆಯಲ್ರೀ?"

"ನನಗೆ ಮಾತ್ರ ನಾಲ್ಕು ಗಂಟೆ ತಡವಾಗಿ ಬರುತ್ತೆ ಸಾರ್. ನಾನೇ..."

ಡೈರೆಕ್ಟರು ಡ್ರೈವರ್ ಕೈಯಿಂದ ಮೆಮೊ ತಗೊಂಡು ಹರಿದು ಹಾಕಿದರು. "ನಿನ್ನ ಕೆಲಸಕ್ಕೆ ಏನೂ ಆಗಲ್ಲ, ಹೋಗಪ್ಪ. ಇನ್ನು ಕಾರಣ ಬರೆದು ಕೊಡಬೇಕಾದವರು ಇವರು."

ಮ್ಯಾನೇಜರಿಗೆ ಸಿಟ್ಟು ತೋರಿಸಲು ಇನ್ಯಾರೂ ಸಿಗಲಿಲ್ಲ. ಡ್ರೈವರ್ ಮೇಲೇ ತಿರುಗಿದರು. "ನಮ್ಮನೆ ಮುಂದೇನೇ ಬಂದಿದ್ದೀಯ, ನನ್ನೂ ಹತ್ತಿಸಿಕೊಂಡು ಬರೋಕೆ ಏನಾಗಿತ್ತೋ ನಿನಗೆ?"

ಡ್ರೈವರ್ ಕೈಮುಗಿದ. "ಹತ್ತಿಸ್ಕೋಬೋದಿತ್ತು ಸಾ. ಏನ್ಮಾಡ್ಲಿ, ನಾನು ಹೊರಡೋಕ್ ಮುಂಚೇನೇ ತಲುಪ್ಬಿಡ್ತೀನಲ್ಲ!"