ಬಿಸಿಲು ಕಂಡರೆ ಸೀನು

ಗಟ್ಟಿಮುಟ್ಟಾದ ಮನುಷ್ಯನಿಗೆ ಒಂದು ದೊಡ್ಡ ಕಷ್ಟವಿದೆ. ಕಾಯಿಲೆಯನ್ನು ಅವನೇ ಹುಡುಕಿಕೊಳ್ಳಬೇಕು. ನಾನು ನನ್ನದನ್ನು ಪಾಂಡವಪುರದಲ್ಲಿರುವ ನಮ್ಮ ಗೊಬ್ಬರದಂಗಡಿಯ ಬಾಗಿಲಲ್ಲೇ ಹುಡುಕಿಕೊಂಡೆ. ಒಳಗೆ ಮಬ್ಬುಗತ್ತಲೆ, ಹೊರಗೆ ಸುಡುವ ಬಿಸಿಲು. ಹೊಸ್ತಿಲು ದಾಟಿ ಬಿಸಿಲಿಗೆ ಮುಖ ಒಡ್ಡಿದರೆ ಸಾಕು, ಸೀನು. ಒಂದಲ್ಲ, ಸಾಲಾಗಿ. ನೆಗಡಿಯಿಲ್ಲ, ಧೂಳಿಲ್ಲ, ನೆರಳಿಗೆ ಬಂದರೆ ಮಾಯ. ಚಿಕ್ಕಂದಿನಿಂದ ಇದನ್ನು ಬರಿಯ ಸೀನೆಂದೇ ನಂಬಿದ್ದೆ. ವ್ಯಾಪಾರಕ್ಕೂ ಒಳ್ಳೆಯದೇ ಆಗಿತ್ತು. ಹೊರಟು ನಿಂತ ಗಿರಾಕಿಗಳು ಅಪಶಕುನವೆಂದು ಮತ್ತೆ ಬೆಂಚಿನ ಮೇಲೆ ಕೂತು, ಸುಮ್ಮನೆ ಕೂರಲಾರದೆ ಇನ್ನೊಂದಿಷ್ಟು ಬಿತ್ತನೆಬೀಜ ಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಕೆಲಸವಿಲ್ಲದೆ ಕೂತವನು ಈ ಸೀನಿನ ಬಗ್ಗೆ ಮೊಬೈಲಿನಲ್ಲಿ ಓದಿದೆ. ಕಣ್ಣಿನಿಂದ ಶುರುವಾದದ್ದು ನರಕ್ಕೆ ಹೋಯಿತು, ನರದಿಂದ ಮೆದುಳಿಗೆ. ಮುಂದೆ ಓದುವ ಧೈರ್ಯ ಬರಲಿಲ್ಲ. ಮಾರನೆಯ ದಿನದಿಂದ ಕಪ್ಪು ಕನ್ನಡಕ, ಟೋಪಿ, ಅದರ ಮೇಲೆ ಹೆಂಡತಿ ಸುಮಳ ಹೂಕೊಡೆ. ಅವಳು ನೋಡಿ, ನಿಮ್ಮನ್ನು ಹೆಣ್ಣು ನೋಡಲು ಯಾವ ಊರಿನವರು ಬರುತ್ತಾರೆ ಎಂದಷ್ಟೇ ಕೇಳಿದಳು.

ಕೊನೆಗೆ ನಾಗಮಂಗಲದ ಒಬ್ಬ ಡಾಕ್ಟರ ಬಳಿಗೆ ಹೋದೆ. ಅವರು ಕಣ್ಣಿಗೆ ಟಾರ್ಚು ಬಿಟ್ಟು, ನಾನು ಸೀನಿದ್ದನ್ನು ನೋಡಿ ನಕ್ಕರು. ಇದು ರೋಗವೇ ಅಲ್ಲ, ಬೆಳಕಿಗೆ ಕೆಲವರಿಗೆ ಹೀಗಾಗುತ್ತದೆ, ವಂಶದಲ್ಲಿ ಬರುವುದುಂಟು ಎಂದರು. ಅಷ್ಟು ಮಾತಿನಲ್ಲಿ ನನಗೆ ಅಂಟಿಕೊಂಡದ್ದು ವಂಶ ಎಂಬ ಒಂದೇ ಪದ. ನಮ್ಮಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡವರು. ಏನಾಗಿ ಎಂದು ಅಮ್ಮನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮನೆಗೆ ಬಾರದೆ ನೇರ ದೇವಲಾಪುರದ ಬಸ್ಸು ಹತ್ತಿದೆ. ಅಲ್ಲಿ ಅಪ್ಪನ ಅಕ್ಕ, ನಮ್ಮ ಪುಟ್ಟಮ್ಮತ್ತೆ ಇದ್ದಾರೆ.

ಅತ್ತೆ ಅಡಿಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಸುತ್ತಿ ಬಳಸಿ ಕೇಳಲು ಬಾರದೆ, ಅಪ್ಪ ಸೀನಿ ಸತ್ತರಾ ಎಂದೇ ಕೇಳಿಬಿಟ್ಟೆ.

"ಸೀನಿ ಯಾರ್ ಸಾಯ್ತಾರ್ಲಾ? ಅವ್ನು ಗಾಡಿ ಮಗುಚ್ಕಂಡು ಓದ," ಎಂದರು ಅತ್ತೆ. ಇನ್ನೊಂದು ಕಾಯಿ ಸುಲಿದು, "ಬೆಳಿಗ್ಗೆ ಬಾಗ್ಲು ದಾಟಿ ಬಿಸ್ಲಿಗೆ ಬಂದೇಟ್ಗೆ ಸೀನೋನು ಕಣಪ್ಪ. ಕೊಟ್ಗೇಲಿದ್ದ ಎಮ್ಮೆಗಳು ಬೆಚ್ಚಿ ಎದ್ ನಿಂತ್ಕಳವು," ಎಂದರು.

ಊಟ ಮಾಡಿಸಿ ನನ್ನನ್ನು ಕಳಿಸಲು ಅಂಗಳಕ್ಕೆ ಬಂದರು. ಹಣ್ಣುಹಣ್ಣು ಮುದುಕಿ, ಬಿಸಿಲಿಗೆ ಮುಖ ಎತ್ತಿದವರೇ ಸೀನಿದರು. ಹಿಂದೆಯೇ ನಾನೂ ಸೀನಿದೆ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದವರು ಕೈ ಅಲ್ಲೇ ನಿಲ್ಲಿಸಿ ನನ್ನನ್ನು ನೋಡಿದರು.

"ನಿಮ್ಮಪ್ಪಂದೇ ಸದ್ದು ಕಣ್ಲಾ."

ನನ್ನ ಮೂಗು, ಬಣ್ಣ, ನಡಿಗೆ ಎಲ್ಲವೂ ಅಮ್ಮನದು ಎಂದೇ ಎಲ್ಲರೂ ಹೇಳುತ್ತ ಬಂದಿದ್ದರು. ಅಪ್ಪ ನನಗೇನೂ ಬಿಟ್ಟುಹೋಗಿಲ್ಲವೆಂದು ಒಳಗೊಳಗೇ ಒಂದು ಕೊರತೆಯಿತ್ತು. ದೇವಲಾಪುರದಿಂದ ಬಸ್ಸಿನಲ್ಲಿ ಕಿಟಕಿ ಪಕ್ಕ, ಬಿಸಿಲು ಬೀಳುವ ಕಡೆಯೇ ಕೂತೆ. ದಾರಿಯುದ್ದಕ್ಕೂ ಪಟ್ಟವೇರಿದ ರಾಜನಂತೆ ಸೀನಿದೆ. ಪಕ್ಕದಲ್ಲಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು. ಹೋಗಲಿ, ಅವರಿಗೇನು ಗೊತ್ತು.

ಈಗ ಕೊಡೆಯಿಲ್ಲ, ಕನ್ನಡಕವಿಲ್ಲ. ಬೆಳಿಗ್ಗೆ ಅಂಗಡಿ ಬೀದಿಯೆಲ್ಲ ಕೇಳುವಂತೆ ಸೀನುತ್ತೇನೆ. ಸುಮ ಮಾತ್ರ ಮೊನ್ನೆ, "ಕಾಯ್ಲೆ ಇದ್ದಾಗ್ಲೇ ವಾಸಿ ಇತ್ತು ಬುಡಿ, ಬಾಯಿಗೆ ಕೈನಾದ್ರೂ ಅಡ್ಡ ಇಡೀತಿದ್ರಿ," ಎಂದಳು. ವಂಶದ ಗೌರವ ಎತ್ತಿಹಿಡಿದು ತಕ್ಕ ಉತ್ತರ ಕೊಡೋಣವೆಂದು ಅವಳ ಹಿಂದೆಯೇ ಅಂಗಳಕ್ಕೆ ಬಂದು ಬಾಯಿ ತೆರೆದೆ. ಉತ್ತರ ಬರಲಿಲ್ಲ, ಸೀನು ಬಂತು.